ಬ್ರೇಕಪ್ ಆಯ್ತು, ಸಾಲ ಪೂರ್ತಿ ನನ್ನ ಹೆಸರಲ್ಲಿ ಉಂಟು. ಎಲ್ಲಿಂದ ಶುರು ಮಾಡುದು?

ನೀರ್ಚಾಲು_ಹುಡುಗಿ ಬರೆದದ್ದು:

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನನಗೆ 29. ಮನೆ ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲು ಹತ್ತಿರ, ಕೆಲಸ ಮಂಗಳೂರಲ್ಲಿ ಲ್ಯಾಬ್ ಟೆಕ್ನಿಷಿಯನ್, ಕೈಗೆ ಬರುದು 26 ಸಾವಿರ. ಐದು ವರ್ಷದಿಂದ ಒಬ್ರ ಜೊತೆ ಇದ್ದೆ, ಮದುವೆ ಆಗುದು ಅಂತಲೇ ಇದ್ದದ್ದು, ಎರಡೂ ಮನೆಯಲ್ಲಿ ಗೊತ್ತಿತ್ತು, ಈ ಮಳೆಗಾಲ ಕಳೆದ ಮೇಲೆ ನಿಶ್ಚಿತಾರ್ಥ ಅಂತ ಮಾತು ಸಹ ಆಗಿತ್ತು. ಅದೆಲ್ಲ ಮುಗಿದಿದೆ. ಯಾಕೆ ಏನು ಅಂತ ಬರಿಲಿಕ್ಕೆ ಮನಸ್ಸಿಲ್ಲ, ಇನ್ನು ಸರಿ ಆಗುವ ವಿಷಯ ಅಲ್ಲ ಅಂತ ಮಾತ್ರ ತಿಳ್ಕೊಳ್ಳಿ.

ಈಗ ಸಾಲದ ವಿಷಯ. ಅವರು ಅಂಗಡಿ ಹಾಕುವಾಗ ಅವರ ಸಿಬಿಲ್ ಸ್ಕೋರ್ (ಸಾಲ ಕಟ್ಟಿದ ದಾಖಲೆ) ಸರಿ ಇರ್ಲಿಲ್ಲ ಅಂತ ನಾನು ನನ್ನ ಸಂಬಳದ ಮೇಲೆ 3 ಲಕ್ಷ ಪರ್ಸನಲ್ ಲೋನ್ ತೆಗೆದು ಅವರ ಅಕೌಂಟಿಗೆ ಹಾಕಿದ್ದೆ. 14 ಪರ್ಸೆಂಟ್ ಬಡ್ಡಿ, ನಾಲ್ಕು ವರ್ಷ, ತಿಂಗಳಿಗೆ 8,200 ಇಎಂಐ. ಮೊದಮೊದಲು ಅವರೇ ನನಗೆ ಕಳಿಸ್ತಿದ್ರು, ಆಮೇಲೆ ಅರ್ಧ, ಆಮೇಲೆ ಇಲ್ಲ. ಇನ್ನು 34 ಕಂತು ಬಾಕಿ ಉಂಟು, ಬ್ಯಾಲೆನ್ಸ್ 2 ಲಕ್ಷದ 29 ಸಾವಿರ ಅಂತ ಆ್ಯಪಲ್ಲಿ ತೋರಿಸ್ತದೆ. ಕ್ರೆಡಿಟ್ ಕಾರ್ಡಲ್ಲಿ 84 ಸಾವಿರ. ಅದು ನಾವು ಮಂಗಳೂರಲ್ಲಿ ಮನೆ ಮಾಡ್ಬೇಕು ಅಂತ ತೆಗೆದ ಫ್ರಿಜ್, ವಾಷಿಂಗ್ ಮೆಷಿನ್, ಅಡ್ವಾನ್ಸ್ ಅದೂ ಇದೂ. ಮೂರು ತಿಂಗಳಿಂದ ಕಾರ್ಡಿಗೆ ಏನೂ ಕಟ್ಟಿಲ್ಲ. ಮತ್ತೆ ಅವರ ಬೈಕ್ ಲೋನಿಗೆ ಒಂದು ಸಹಕಾರಿ ಬ್ಯಾಂಕಲ್ಲಿ ನಾನು ಜಾಮೀನು ಸೈನ್ ಹಾಕಿದ್ದೇನೆ, ಅವರು ಅದನ್ನು ಕಟ್ತಿದ್ದಾರಾ ಇಲ್ವಾ ಗೊತ್ತಿಲ್ಲ.

ಕಾರ್ಡಿನವರು ದಿನಾ ಫೋನ್ ಮಾಡ್ತಾರೆ. ಮೊನ್ನೆ ರಾತ್ರಿ ಎಂಟೂವರೆಗೆ ಅಪ್ಪನ ಫೋನಿಗೇ ಮಾಡಿ ನಿಮ್ಮ ಮಗಳು ಓಡಿ ಹೋಗಿದ್ದಾಳಾ ಅಂತ ಕೇಳಿದ್ರಂತೆ. ಅಪ್ಪ ಆ ರಾತ್ರಿ ಊಟ ಮಾಡ್ಲಿಲ್ಲ. ಈಗ 45 ಸಾವಿರ ಒಟ್ಟಿಗೆ ಕೊಟ್ರೆ ಅಕೌಂಟ್ ಮುಗಿಸ್ತೇವೆ ಅಂತಿದ್ದಾರೆ. ಅಮ್ಮನ ಹತ್ರ ಮೂರು ಪವನಿನ ಸರ ಉಂಟು, ತಗೊಂಡು ಹೋಗು ಅಂತ ಹೇಳ್ತಾಳೆ, ನನಗೆ ಕೈ ಬರುದಿಲ್ಲ.

ಪಿಜಿಗೆ 7,500 ಹೋಗ್ತದೆ, ಊಟ ಬೇರೆ. ಮನೆಗೆ ವಾಪಸ್ ಬಂದು ಓಡಾಡುದಾ, ಅಲ್ಲೇ ಇರುದಾ? ಸೆಟಲ್‌ಮೆಂಟ್ ಒಪ್ಪುದಾ? ಅವರ ಹತ್ರ ದುಡ್ಡು ಕೇಳುದಾ ಬಿಡುದಾ? ಎಲ್ಲ ಒಟ್ಟಿಗೆ ತಲೆಗೆ ಬಂದು ಒಂದೂ ಮಾಡ್ಲಿಕ್ಕೆ ಆಗ್ತಿಲ್ಲ. ರಾತ್ರಿ ನಿದ್ದೆ ಇಲ್ಲ. ಹೀಗೆ ಆದವರು ಯಾರಾದ್ರೂ ಇದ್ರೆ ಹೇಳಿ.

ಲೋನ್_ಕೌಂಟರ್ ಬರೆದದ್ದು:

ನಾನು ಕೆಲವು ವರ್ಷ ಬ್ಯಾಂಕಿನ ಲೋನ್ ಸೆಕ್ಷನಲ್ಲಿ ಕೂತವನು, ಹಾಗಾಗಿ ದುಡ್ಡಿನ ಭಾಗ ಮಾತ್ರ ಹೇಳ್ತೇನೆ, ಉಳಿದದ್ದನ್ನು ಬೇರೆಯವರು ನನಗಿಂತ ಚೆನ್ನಾಗಿ ಹೇಳ್ತಾರೆ.

ಮೊದಲು ಒಂದು ವಿಷಯ ಮನಸ್ಸಿಗೆ ಹಾಕ್ಕೊಳ್ಳಿ. ಪರ್ಸನಲ್ ಲೋನ್ ಯಾರಿಗೋಸ್ಕರ ತೆಗೆದದ್ದು ಅಂತ ಬ್ಯಾಂಕಿಗೆ ಲೆಕ್ಕಕ್ಕೇ ಇಲ್ಲ, ಸೈನ್ ನಿಮ್ಮದು, ಸಾಲ ನಿಮ್ಮದು. ಅವರಿಂದ ದುಡ್ಡು ಬರ್ಬಹುದು, ಬರದೆಯೂ ಇರ್ಬಹುದು. ಅದನ್ನು ನಂಬಿ ಒಂದು ಇಎಂಐ ಸಹ ತಪ್ಪಿಸ್ಬೇಡಿ. ಇದುವರೆಗೆ ಆ ಇಎಂಐ ಒಂದೂ ತಪ್ಪಿಸದೆ ಕಟ್ಟಿದ್ದೀರಿ ಅಂತ ಕಾಣ್ತದೆ, ಅದು ದೊಡ್ಡ ವಿಷಯ.

ಈಗ ಉರೀತಿರುದು ಕಾರ್ಡ್. ಕಾರ್ಡಿನ ಬಡ್ಡಿ ಸಾಮಾನ್ಯ ತಿಂಗಳಿಗೆ ಮೂರೂವರೆ ಪರ್ಸೆಂಟ್ ಆಸುಪಾಸು ಇರ್ತದೆ, ವರ್ಷಕ್ಕೆ ಅಲ್ಲ ತಿಂಗಳಿಗೆ. 84 ಸಾವಿರಕ್ಕೆ ಅದು 2,940, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದ್ರೆ ಹತ್ರ ಹತ್ರ 3,470. ಮಿನಿಮಮ್ ಡ್ಯೂ ಅಂತ 5 ಪರ್ಸೆಂಟ್ ಕಟ್ಟಿದ್ರೆ 4,200 ಆಗ್ತದೆ, ಅದರಲ್ಲಿ ಅಸಲಿಗೆ ಹೋಗುದು ಏಳುನೂರು ಚಿಲ್ಲರೆ ಅಷ್ಟೆ. ಹೀಗೆ ಕಟ್ಟಿಕೊಂಡು ಹೋದ್ರೆ ನಿಮ್ಮ ಹರೆಯ ಮುಗಿದ್ರೂ ಕಾರ್ಡ್ ಮುಗಿಯುದಿಲ್ಲ. ಅದೇ 84 ಸಾವಿರವನ್ನು ಬ್ಯಾಂಕಲ್ಲಿ ಚಿನ್ನದ ಮೇಲೆ ವರ್ಷಕ್ಕೆ 9 ಪರ್ಸೆಂಟಿಗೆ ತಗೊಂಡ್ರೆ ಮೊದಲ ತಿಂಗಳ ಬಡ್ಡಿ 630. ಮೂರು ಪವನ್ ಅಂದ್ರೆ 24 ಗ್ರಾಂ, ಈಗಿನ ರೇಟಿಗೆ 84 ಸಾವಿರ ಧಾರಾಳ ಸಿಗ್ತದೆ. ಆರ್‌ಬಿಐ ಹೊಸ ನಿಯಮದಲ್ಲಿ 2026 ಏಪ್ರಿಲ್ 1ರಿಂದ ಎರಡೂವರೆ ಲಕ್ಷದ ಒಳಗಿನ ಸಾಲಕ್ಕೆ ಚಿನ್ನದ ಬೆಲೆಯ 85 ಪರ್ಸೆಂಟ್ ತನಕ ಕೊಡ್ಬಹುದು, ಹಾಗಾಗಿ ಕೌಂಟರಲ್ಲಿ ಇನ್ನೂ ಜಾಸ್ತಿ ತಗೊಳ್ಳಿ ಅಂತಲೂ ಹೇಳ್ಬಹುದು. ಬೇಡ. ಕಾರ್ಡಿಗೆ ಎಷ್ಟು ಬೇಕೋ ಅಷ್ಟೇ.

45 ಸಾವಿರದ ಸೆಟಲ್‌ಮೆಂಟ್ ಕಣ್ಣಿಗೆ ಚೆಂದ ಕಾಣ್ತದೆ, 39 ಸಾವಿರ ಉಳೀತು ಅಂತ. ಆದ್ರೆ ಕ್ರೆಡಿಟ್ ರಿಪೋರ್ಟಲ್ಲಿ ಅದು ಕ್ಲೋಸ್ಡ್ ಅಂತ ಬರುದಿಲ್ಲ, ಸೆಟಲ್ಡ್ ಅಂತ ಬರ್ತದೆ, ವರ್ಷಗಟ್ಟಲೆ ಅಲ್ಲೇ ಕೂತಿರ್ತದೆ, ನಾಳೆ ಮನೆ ಸಾಲಕ್ಕೋ ಅಪ್ಪನ ತೋಟದ ಕೆಲಸಕ್ಕೋ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಮೊದಲು ನೋಡುದೇ ಅದನ್ನು. ಕೈಯಲ್ಲಿ ಏನೂ ಇಲ್ಲದವರಿಗೆ ಅದು ದಾರಿ, ನಾನು ಬೇಡ ಅನ್ನುದಿಲ್ಲ. ನಿಮಗೆ ಸಂಬಳ ಉಂಟು, ಚಿನ್ನ ಉಂಟು. ಪೂರ್ತಿ ಕಟ್ತೇನೆ, ಲೇಟ್ ಫೀ ಮತ್ತೆ ಈ ಮೂರು ತಿಂಗಳ ದಂಡ ಬಿಟ್ಟು ಕೊಡಿ ಅಂತ ಕೇಳಿ. ಫೋನಲ್ಲಿ ಅಲ್ಲ, ಇಮೇಲಲ್ಲಿ ಕೇಳಿ. ಕೊಡುವ ಸಾಧ್ಯತೆ ಉಂಟು. ಕಟ್ಟಿದ ಮೇಲೆ ನೋ ಡ್ಯೂ ಲೆಟರ್ ಕೈಗೆ ಬರುವ ತನಕ ಬಿಡ್ಬೇಡಿ, ಕಾರ್ಡ್ ಕ್ಲೋಸ್ ಮಾಡ್ಲಿಕ್ಕೆ ಸಹ ಬರೆದೇ ಕೊಡಿ. ಏಜೆಂಟಿನ ಜೀಪೇಗೆ ಒಂದು ರೂಪಾಯಿ ಹಾಕ್ಬೇಡಿ, ದುಡ್ಡು ಹೋಗ್ಬೇಕಾದ್ದು ಕಾರ್ಡ್ ನಂಬರಿಗೆ.

ಫೋನಿನ ವಿಷಯ. ರಿಕವರಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಕರೆ ಮಾಡ್ಲಿಕ್ಕಿಲ್ಲ ಅಂತ ಆರ್‌ಬಿಐ 2022ರ ಆಗಸ್ಟಲ್ಲಿ ಸ್ಪಷ್ಟವಾಗಿ ಹೇಳಿದೆ, ಮನೆಯವರಿಗೆ ಸ್ನೇಹಿತರಿಗೆ ಮಾಡಿ ಮರ್ಯಾದೆ ತೆಗೆಯುದಕ್ಕೂ ಇಲ್ಲ. ಅಪ್ಪನ ಫೋನಿನ ಕಾಲ್ ಲಿಸ್ಟಿನ ಸ್ಕ್ರೀನ್‌ಶಾಟ್ ತೆಗೆದಿಡಿ, ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಬರೀರಿ. 30 ದಿನದೊಳಗೆ ಸರಿಯಾದ ಉತ್ತರ ಬರದಿದ್ರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್ನಿಗೆ ಆನ್‌ಲೈನಲ್ಲಿ ಕೊಡ್ಬಹುದು, ಫೀಸಿಲ್ಲ, ವಕೀಲರು ಬೇಡ. ಮಾಹಿತಿಗೆ 14448. ಸಾಲ ಇದೆ ಅಂತ ಅಪ್ಪ ಬೈಗುಳ ಕೇಳ್ಬೇಕು ಅಂತ ಎಲ್ಲಿಯೂ ಬರೆದಿಲ್ಲ.

ಮತ್ತೆ ನಿಮ್ಮ ಕ್ರೆಡಿಟ್ ರಿಪೋರ್ಟ್ ತೆಗೀರಿ. ಸಿಬಿಲ್ ಸೇರಿ ನಾಲ್ಕು ಕಂಪೆನಿ ಉಂಟು, ಒಂದೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಫ್ರೀ ಕೊಡ್ಬೇಕು ಅಂತ ನಿಯಮ. ನಿಮ್ಮ ಹೆಸರಲ್ಲಿ ನಿಮಗೇ ಗೊತ್ತಿಲ್ಲದ ಸಾಲ ಏನಾದ್ರೂ ಉಂಟಾ ಅಂತ ಅದರಲ್ಲಿ ನೋಡ್ಬಹುದು. ಐದು ವರ್ಷ ಒಟ್ಟಿಗೆ ಇದ್ದವರ ಹತ್ರ ಆಧಾರ್, ಪಾನ್, ಒಟಿಪಿ ಎಲ್ಲ ಓಡಾಡಿರ್ತದೆ. ಇದನ್ನು ಸಂಶಯದಿಂದ ಹೇಳ್ತಿಲ್ಲ, ನೋಡಿಡುದು ಒಳ್ಳೇದು. ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್, ಯುಪಿಐ ಪಿನ್, ಶಾಪಿಂಗ್ ಆ್ಯಪಲ್ಲಿ ಸೇವ್ ಆದ ಕಾರ್ಡ್, ನಾಮಿನಿ ಹೆಸರು, ಇಷ್ಟನ್ನು ಇವತ್ತೇ ಬದಲಿಸಿ.

ಮುಳ್ಳೇರಿಯ_ತೋಟ ಬರೆದದ್ದು:

ಕೌಂಟರಿನವರು ಹೇಳಿದ ಲೆಕ್ಕ ಸರಿ, ಆದ್ರೆ ಅಡವು ಇಡುದಕ್ಕೆ ನನ್ನ ಒಪ್ಪಿಗೆ ಇಲ್ಲ. ನಮ್ಮ ಕಡೆ ಅಡವಿಟ್ಟ ಚಿನ್ನ ಎಷ್ಟು ಮನೆಗೆ ವಾಪಸ್ ಬಂದಿದೆ ಹೇಳಿ? ವರ್ಷ ಆಗುವಾಗ ಬಡ್ಡಿ ಮಾತ್ರ ಕಟ್ಟಿ ರಿನ್ಯೂ ಮಾಡುದು, ಮತ್ತೆ ಅಡಿಕೆಗೆ ಕೊಳೆರೋಗ ಬಂತು ಅಂತ ಇನ್ನೊಂದು ಸರ್ತಿ ರಿನ್ಯೂ, ಕಡೆಗೆ ಪೇಪರಲ್ಲಿ ಹರಾಜಿನ ಜಾಹೀರಾತು. ಚಿನ್ನದ ರೇಟ್ ಮೇಲೆ ಉಂಟು, ಮಾರಿ ಕಾರ್ಡ್ ಮುಗಿಸಿ, ಉಳಿದದ್ದನ್ನು ಪರ್ಸನಲ್ ಲೋನಿಗೆ ಹಾಕಿ. ಸಾಲ ತೀರಿದ ಮೇಲೆ ಅಮ್ಮನಿಗೆ ಹೊಸದು ಮಾಡಿಸಿ ಕೊಡಿ. ಒಂದು ಸಾಲ ತೀರಿಸ್ಲಿಕ್ಕೆ ಇನ್ನೊಂದು ಸಾಲ ಯಾಕೆ?

ಮತ್ತೆ ಊರಲ್ಲಿ ಬ್ಲೇಡಿನವರು, ಅಂದ್ರೆ ಮೀಟರ್ ಬಡ್ಡಿಗೆ ಸಾಲ ಕೊಡುವವರು, ಯಾರಾದ್ರೂ ಬಂದು ನಾನು ಕೊಡ್ತೇನೆ ಅಂದ್ರೆ ದಯವಿಟ್ಟು ಆ ಬದಿಗೆ ಹೋಗ್ಬೇಡಿ. 2014ರಲ್ಲಿ ಕೇರಳ ಸರ್ಕಾರ ಆಪರೇಷನ್ ಕುಬೇರ ಅಂತ ಮಾಡಿ ರೈಡ್ ಮಾಡಿತ್ತು, ಆಗ ಸ್ವಲ್ಪ ಸಮಯ ಮರೆಯಾದ್ರು, ಪೂರ್ತಿ ಹೋಗಿಲ್ಲ. ಖಾಲಿ ಚೆಕ್ಕಿಗೆ ಸೈನ್ ಹಾಕಿಸ್ಕೊಳ್ತಾರೆ, ಆಮೇಲೆ ಅದರಲ್ಲಿ ಎಷ್ಟು ಬರೀತಾರೆ ಅಂತ ದೇವರಿಗೇ ಗೊತ್ತು. ಫೋನಲ್ಲಿ ಐದು ನಿಮಿಷಕ್ಕೆ ಲೋನ್ ಕೊಡುವ ಆ್ಯಪುಗಳೂ ಅದೇ ಜಾತಿ, ನಂಬರ್ ಲಿಸ್ಟ್ ಪೂರ್ತಿ ತೆಗೊಂಡು ಎಲ್ರಿಗೂ ಕಳಿಸ್ತಾರೆ.

ಲೋನ್_ಕೌಂಟರ್ ಬರೆದದ್ದು:

ತೋಟದವರೇ, ನೀವು ಹೇಳಿದ್ದರಲ್ಲಿ ಸತ್ಯ ಉಂಟು, ಹರಾಜಿಗೆ ಹೋದದ್ದನ್ನು ನಾನು ಕೌಂಟರಲ್ಲಿ ಕೂತೇ ನೋಡಿದವನು. ಆದ್ರೆ ಅಡಿಕೆ ದುಡ್ಡು ಬರುವ ಸಮಯ ಬೇರೆ, ತಿಂಗಳ ಸಂಬಳ ಬೇರೆ. ಇವರು ಮನೆಗೆ ಬಂದು ಪಿಜಿ ಬಿಟ್ರೆ 26 ಸಾವಿರದಲ್ಲಿ 8,200 ಇಎಂಐ ಹೋಗಿ, 9,500 ಚಿನ್ನಕ್ಕೆ ಅಂತ ತೆಗೆದಿಟ್ರೂ 8,300 ಉಳೀತದೆ. ಹಾಗೆ ಕಟ್ಟಿದ್ರೆ ಬಡ್ಡಿ ಸೇರಿ ಒಂಬತ್ತು ಹತ್ತು ತಿಂಗಳಲ್ಲಿ ಸರ ಮನೆಗೆ ಬರ್ತದೆ, ರಿನ್ಯೂ ಮಾಡುವ ಪ್ರಶ್ನೆಯೇ ಬರುದಿಲ್ಲ. ತಿಂಗಳು ತಿಂಗಳು ಅಸಲಿಗೆ ಕಟ್ಲಿಕ್ಕೆ ಬಿಡುವ ಸ್ಕೀಮೇ ಕೇಳಿ ತಗೊಳ್ಬೇಕು, ವರ್ಷದ ಕಡೆಗೆ ಒಟ್ಟಿಗೆ ಕಟ್ಟುವ ಸ್ಕೀಮ್ ಬೇಡ, ಅದರಲ್ಲೇ ಜನ ಬೀಳುದು. ಪೂರ್ತಿ ಕಟ್ಟಿದ ಮೇಲೆ ಏಳು ವರ್ಕಿಂಗ್ ಡೇ ಒಳಗೆ ಚಿನ್ನ ಕೊಡ್ಲೇಬೇಕು, ಬ್ಯಾಂಕಿನ ತಪ್ಪಿಂದ ತಡ ಆದ್ರೆ ದಿನಕ್ಕೆ 5,000 ಪರಿಹಾರ ಅಂತ ಹೊಸ ನಿಯಮದಲ್ಲಿ ಉಂಟು.

ಆಮೇಲೆ ಆ 9,500ನ್ನು ಖರ್ಚು ಮಾಡದೆ ಇಎಂಐ ಜೊತೆ ಪರ್ಸನಲ್ ಲೋನಿಗೇ ಹಾಕಿ. ಆಗ ಬ್ಯಾಲೆನ್ಸ್ 1 ಲಕ್ಷದ 70 ಸಾವಿರದ ಹತ್ರ ಇರ್ತದೆ, 24 ಕಂತಿನ ಬದಲು ಹನ್ನೊಂದು ತಿಂಗಳಲ್ಲಿ ಮುಗೀತದೆ. ಪಾರ್ಟ್ ಪೇಮೆಂಟಿಗೆ ಚಾರ್ಜ್ ಎಷ್ಟು ಅಂತ ಸ್ಯಾಂಕ್ಷನ್ ಲೆಟರಲ್ಲಿ ಮೊದಲು ನೋಡಿ, ಫಿಕ್ಸೆಡ್ ರೇಟ್ ಲೋನಲ್ಲಿ ಅದು ಇರುದುಂಟು. ಚಾರ್ಜ್ ಜಾಸ್ತಿ ಅಂತಾದ್ರೆ ದುಡ್ಡು ಆರ್‌ಡಿಯಲ್ಲಿ ಸೇರಿಸಿ ಒಂದೇ ಸರ್ತಿ ಕಟ್ಟಿ.

ಇದೆಲ್ಲಕ್ಕಿಂತ ಮೊದಲು ಒಂದು ಹತ್ತು ಸಾವಿರ ಬೇರೆ ಅಕೌಂಟಲ್ಲಿ ಇಟ್ಟುಬಿಡಿ. ಇಲ್ಲದಿದ್ರೆ ಅಪ್ಪನಿಗೆ ಜ್ವರ ಬಂದ ದಿನ ಪುನಃ ಕಾರ್ಡ್ ಉಜ್ಜುವ ಪರಿಸ್ಥಿತಿ ಬರ್ತದೆ.

ಪೆರ್ಲದಕ್ಕ ಬರೆದದ್ದು:

ತಂಗೀ, ನಿನ್ನದು ಓದಿ ಎರಡು ದಿನ ಏನು ಬರೆಯುದು ಅಂತ ಯೋಚನೆ ಮಾಡಿದೆ. ನನ್ನದು ಮದುವೆ ಆಗಿ ಮುರಿದದ್ದು, ಕೈಯಲ್ಲಿ ಸಣ್ಣ ಮಗು, ಮನೆ ಕಟ್ಲಿಕ್ಕೆ ಅಂತ ತೆಗೆದ ಸಾಲ ಇಬ್ಬರ ಹೆಸರಲ್ಲೂ ಇತ್ತು, ಅವರು ಗಲ್ಫಿಗೆ ಹೋದವರು ತಿರುಗಿ ನೋಡ್ಲಿಲ್ಲ. ಈಗ ಆ ಸಾಲ ಇಲ್ಲ. ಮಗ ಹತ್ತನೇ ಕ್ಲಾಸು. ನಿನಗೂ ಹೀಗೆ ಒಂದು ದಿನ ಬರ್ತದೆ, ಇದನ್ನು ಸಮಾಧಾನಕ್ಕೆ ಹೇಳುದಲ್ಲ, ಕಣ್ಣಾರೆ ಕಂಡದ್ದು ಹೇಳುದು.

ಮನೆಗೆ ಬಾ. ದುಡ್ಡಿನ ಲೆಕ್ಕ ಒಂದು, ಅದಕ್ಕಿಂತ ಹೆಚ್ಚು ಪಿಜಿಯ ಆ ರೂಮಲ್ಲಿ ಒಬ್ಬಳೇ ರಾತ್ರಿ ಫೋನ್ ನೋಡಿಕೊಂಡು ಮಲಗುದು ಬೇಡ. ಊರಿಗೆ ಬಂದ್ರೆ ಮಾತು ಬರ್ತದೆ, ಬರುದಿಲ್ಲ ಅಂತ ನಾನು ಸುಳ್ಳು ಹೇಳುದಿಲ್ಲ. ಬಸ್ ಸ್ಟಾಪಲ್ಲಿ ಕೇಳ್ತಾರೆ, ಬ್ರಹ್ಮಕಲಶಕ್ಕೆ ಹೋದ್ರೆ ಊಟದ ಪಂಕ್ತಿಯಲ್ಲಿ ಕೇಳ್ತಾರೆ, ಎಂತ ಆಯ್ತಂತೆ, ಯಾಕೆ ನಿಂತದ್ದು ಅಂತ. ಒಂದೇ ಉತ್ತರ ಇಟ್ಕೋ, ಆಗ್ಲಿಲ್ಲ ಅಷ್ಟೆ ಅಂತ ಹೇಳಿ ಅವರ ಮಕ್ಕಳ ಸುದ್ದಿ ಕೇಳು. ಎರಡು ಮೂರು ತಿಂಗಳಿಗೆ ಅವರಿಗೇ ಬೋರಾಗ್ತದೆ. ಆದ್ರೆ ಮನೆಯಲ್ಲಿ ಸಾಲದ ಲೆಕ್ಕ ಪೂರ್ತಿ ಹೇಳಿಬಿಡು, ಅರ್ಧ ಹೇಳಿ ಅರ್ಧ ಮುಚ್ಚಿಡ್ಬೇಡ. ಅಪ್ಪ ಆ ರಾತ್ರಿ ಊಟ ಬಿಟ್ಟದ್ದು ಸಾಲಕ್ಕಲ್ಲ, ಮಗಳ ವಿಷಯ ಯಾರೋ ಗುರುತಿಲ್ಲದವನ ಬಾಯಿಂದ ಕೇಳ್ಬೇಕಾಯ್ತಲ್ಲ ಅಂತ.

ಇನ್ನೊಂದು. ಈಗ ಸಂಬಂಧ ನೋಡ್ಲಿಕ್ಕೆ ಶುರು ಮಾಡ್ತಾರೆ, ಬೇಗ ಒಂದು ಮದುವೆ ಮಾಡಿಬಿಟ್ರೆ ಎಲ್ಲ ಸರಿ ಆಗ್ತದೆ ಅಂತ. ಒಳ್ಳೆ ಮನಸ್ಸಿಂದಲೇ ಹೇಳ್ತಾರೆ. ನೀನು ಸಾಲ ಮುಗಿಯದೆ ಜಾತಕ ಕೊಡ್ಲಿಕ್ಕೆ ಒಪ್ಬೇಡ. ಒಂದು ಮದುವೆಗೆ ಅಪ್ಪ ಇನ್ನೊಂದು ಸಾಲ ಮಾಡ್ತಾರೆ, ಅದು ಗ್ಯಾರಂಟಿ, ಮತ್ತೆ ನೀನು ಹೊಸ ಮನೆಗೆ ಹಳೇ ಇಎಂಐ ಅಡಗಿಸಿಕೊಂಡು ಹೋಗ್ಬೇಕು. ಎರಡು ವರ್ಷ ಸಮಯ ಕೊಡಿ ಅಂತ ಬಾಯಿ ಬಿಟ್ಟು ಕೇಳು.

ಅಮ್ಮ ಕುಟುಂಬಶ್ರೀಯಲ್ಲಿ, ಕೇರಳದ ಹೆಂಗಸರ ಸ್ವಸಹಾಯ ಗುಂಪಲ್ಲಿ, ಇದ್ದಾಳಾ? ಒಂದು ಮನೆಯಿಂದ ಒಬ್ಬರೇ ಸೇರುದು ಅಂತ ಇತ್ತು, ಆದ್ರೆ 2021ರಿಂದ 18ರಿಂದ 40 ವರ್ಷದವರಿಗೆ ಆಕ್ಸಿಲರಿ ಗ್ರೂಪ್ ಅಂತ ಬೇರೆ ಮಾಡಿದ್ದಾರೆ, ಅದಕ್ಕೆ ನೀನು ಸೇರ್ಬಹುದು. ಸಾಲ ಸಿಗ್ತದೆ ಅಂತ ಸೇರುದಲ್ಲ. ಅಯಲ್‌ಕೂಟದ (ಕುಟುಂಬಶ್ರೀಯ ನೆರೆಹೊರೆ ಗುಂಪಿನ) ಹೆಸರಲ್ಲಿ ಬ್ಯಾಂಕ್ ಕೊಡುವ ಲಿಂಕೇಜ್ ಲೋನ್ ತಗೊಂಡು ಕಾರ್ಡಿಗೆ ಹಾಕುವ ಐಡಿಯಾ ಯಾರಾದ್ರೂ ಹೇಳಿದ್ರೆ ಬೇಡ ಅಂತ ಹೇಳು, ನೀನು ಒಂದು ಕಂತು ತಪ್ಪಿಸಿದ್ರೆ ಹತ್ತು ಹೆಂಗಸರು ನಿನ್ನ ಮನೆ ಬಾಗಿಲಿಗೆ ಬರ್ತಾರೆ, ಅವರದ್ದೂ ತಪ್ಪಲ್ಲ. ನಾನು ಹೇಳುದು, ಭಾನುವಾರ ಮಧ್ಯಾಹ್ನ ನಾಲ್ಕು ಜನರ ಜೊತೆ ಕೂತು ಮಾತಾಡ್ಲಿಕ್ಕೆ ಒಂದು ಜಾಗ ಆಗ್ತದೆ. ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದೇ ಆ ಹೆಂಗಸರು. ಒಬ್ಬಳು ಹೊಲಿಗೆ ಕಲಿಸಿದ್ಲು, ಒಬ್ಬಳು ಮಗುವನ್ನು ನೋಡ್ಕೊಂಡ್ಲು, ನನಗೆ ಅಳು ಬಂದ್ರೆ ಯಾರೂ ಯಾಕೆ ಅಂತ ಕೇಳ್ತಿರ್ಲಿಲ್ಲ, ಚಾ ಕೊಡ್ತಿದ್ರು.

ನಿದ್ದೆ ಇಲ್ಲ ಅಂತ ಬರೆದಿದ್ದಿ. ಅದನ್ನು ಹಗುರ ಮಾಡ್ಬೇಡ. 14416ಕ್ಕೆ ಫೋನ್ ಮಾಡು, ಟೆಲಿಮಾನಸ್, ಸರ್ಕಾರದ್ದು, ಫ್ರೀ, ರಾತ್ರಿ ಎಷ್ಟು ಹೊತ್ತಿಗೂ ಸಿಗ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು. ಮತ್ತೆ ಅವನ ಸ್ಟೇಟಸ್ ನೋಡುದು ಬಿಡು. ಬ್ಲಾಕ್ ಮಾಡು ಅಂತ ಹೇಳ್ತಿದ್ದೆ, ಆದ್ರೆ ದುಡ್ಡಿನ ವಿಷಯ ಇರುವಾಗ ಬ್ಲಾಕ್ ಮಾಡುದು ಸರಿಯಾ ಅಂತ ಕಾನೂನು ಗೊತ್ತಿದ್ದವರು ಹೇಳ್ಲಿ.

ಹೊಸದುರ್ಗ_ವಕೀಲ ಬರೆದದ್ದು:

ಬ್ಲಾಕ್ ಬೇಡ, ಮ್ಯೂಟ್ ಮಾಡಿ. ಚಾಟ್ ಡಿಲೀಟ್ ಮಾಡ್ಲೇಬೇಡಿ, ಎಷ್ಟು ಸಂಕಟ ಆದ್ರೂ. ಎಕ್ಸ್‌ಪೋರ್ಟ್ ಮಾಡಿ ಇಮೇಲಿಗೆ ಹಾಕಿಟ್ಟು ಮತ್ತೆ ಓದ್ಬೇಡಿ.

ದುಡ್ಡು ವಾಪಸ್ ಕೇಳುವ ವಿಷಯದಲ್ಲಿ ಕೋರ್ಟ್ ನೋಡುದು ಅದು ಕೊಡುಗೆಯಾ ಸಾಲವಾ ಅಂತ. ಫ್ರಿಜ್, ವಾಷಿಂಗ್ ಮೆಷಿನ್, ಗಿಫ್ಟು ಇವೆಲ್ಲ ಕೇಳಿ ಸಿಗುದು ಕಷ್ಟ, ಅವುಗಳಲ್ಲಿ ನಿಮ್ಮ ಬಿಲ್ ಇರುವ ವಸ್ತು ಏನಾದ್ರೂ ಅವರ ಹತ್ರ ಇದ್ರೆ ವಸ್ತುವನ್ನೇ ವಾಪಸ್ ಕೇಳಿ, ಮಾರಿದ್ರೂ ಕಾರ್ಡಿಗೆ ಸ್ವಲ್ಪ ಆಗ್ತದೆ. ಆದ್ರೆ 3 ಲಕ್ಷದ ಕತೆ ಬೇರೆ. ಲೋನ್ ಬಂದ ಕೂಡ್ಲೇ ಅವರ ಅಕೌಂಟಿಗೆ ಹೋದದ್ದು, ಆಮೇಲೆ ಅವರು ನಿಮಗೆ ತಿಂಗಳು ತಿಂಗಳು ಇಎಂಐ ದುಡ್ಡು ಕಳಿಸಿದ್ದು, ಎರಡೂ ನಿಮ್ಮ ಸ್ಟೇಟ್‌ಮೆಂಟಲ್ಲೇ ಉಂಟು. ಕೊಡುಗೆ ಆಗಿದ್ರೆ ಕಂತು ಯಾಕೆ ಕಟ್ತಿದ್ರು ಅಂತ ಕೇಳ್ಬಹುದು, ಅದು ನಿಮ್ಮ ಕಡೆಗೆ ಬಲ. ಒಂದು ಮೆಸೇಜ್ ಹಾಕಿ, ಸಿಟ್ಟಿಲ್ಲದೆ, ಹಳೆ ಮಾತಿಲ್ಲದೆ: ಇಂಥ ದಿನ ನಿಮ್ಮ ಅಂಗಡಿಗೋಸ್ಕರ ಇಷ್ಟು ಕೊಟ್ಟದ್ದು, ಇಷ್ಟು ವಾಪಸ್ ಬಂದಿದೆ, ಇಷ್ಟು ಬಾಕಿ, ಹೇಗೆ ಕೊಡ್ತೀರಿ ತಿಳಿಸಿ ಅಂತ. ಸ್ವಲ್ಪ ಸಮಯ ಕೊಡಿ ಅಂತ ಅವರು ಉತ್ತರ ಬರೆದ್ರೂ ಅದು ಒಪ್ಪಿಕೊಂಡ ಹಾಗೆ, ಮುಂದೆ ಉಪಯೋಗಕ್ಕೆ ಬರ್ತದೆ. ದುಡ್ಡು ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಅವಧಿ, ಅದಕ್ಕೆ ಕೂತು ಯೋಚಿಸ್ತಾ ವರ್ಷ ಕಳೀಬೇಡಿ. ಅವರು ಚೆಕ್ ಕೊಟ್ರೆ ತಗೊಳ್ಳಿ. ಬೌನ್ಸಾದ್ರೆ ಬ್ಯಾಂಕಿಂದ ತಿಳಿದ 30 ದಿನದೊಳಗೆ ನೋಟೀಸ್ ಕಳಿಸ್ಬೇಕು, ನೋಟೀಸ್ ಸಿಕ್ಕಿ 15 ದಿನದಲ್ಲಿ ಕೊಡದಿದ್ರೆ 138ನೇ ಸೆಕ್ಷನಿನ ಚೆಕ್ ಬೌನ್ಸ್ ಕೇಸಾಗ್ತದೆ.

ಈಗ ಜಾಮೀನು. ನಿಮ್ಮ ಪೋಸ್ಟಲ್ಲಿ ನನಗೆ ಹೆಚ್ಚು ಚಿಂತೆ ಆದದ್ದು ಈ ಒಂದು ಸಾಲು. 1872ರ ಕರಾರು ಕಾಯ್ದೆ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರನಷ್ಟೇ. ಅವರು ಕಟ್ಟದಿದ್ರೆ ಬ್ಯಾಂಕ್ ಮೊದಲು ಅವರನ್ನೇ ಹಿಡೀಬೇಕು ಅಂತ ಇಲ್ಲ, ನೇರ ನಿಮ್ಮ ಹತ್ರ ಬರ್ಬಹುದು, ಸಂಬಳ ಇರುವವರ ಹತ್ರವೇ ಮೊದಲು ಬರುದು. ಸಂಬಂಧ ಮುಗೀತು ಅಂತ ಜಾಮೀನು ಮುಗಿಯುದಿಲ್ಲ. ನಮ್ಮ ಸರ್ವೀಸ್ ಸಹಕಾರಿ ಬ್ಯಾಂಕುಗಳು 1969ರ ಕೇರಳ ಸಹಕಾರಿ ಕಾಯ್ದೆಯ ಕೆಳಗೆ ಬರುದು, ಬಾಕಿ ಆದ್ರೆ ಎಆರ್‌ಸಿ, ಅಂದ್ರೆ ಆರ್ಬಿಟ್ರೇಷನ್ ಕೇಸ್ ಹಾಕ್ತಾರೆ, ನೋಟೀಸ್ ನಿಮ್ಮ ಮನೆಗೂ ಬರ್ತದೆ. ಅಲ್ಲಿಯ ಗಲಾಟೆಗೆ ಆರ್‌ಬಿಐ ಓಂಬುಡ್ಸ್‌ಮನ್ ಆಗುದಿಲ್ಲ, ಸಹಕಾರಿ ಇಲಾಖೆಯ ರಿಜಿಸ್ಟ್ರಾರ್ ಆಫೀಸೇ. ಹಾಗಾಗಿ ಈ ವಾರವೇ ಆ ಬ್ಯಾಂಕಿಗೆ ಹೋಗಿ, ನಾನು ಜಾಮೀನುದಾರಳು, ಬಾಕಿ ಎಷ್ಟು, ಓವರ್‌ಡ್ಯೂ ಉಂಟಾ ಅಂತ ಬರೆದು ಕೇಳಿ, ಕಾಪಿಗೆ ಸೀಲ್ ಹಾಕಿಸಿಕೊಳ್ಳಿ. ಜಾಮೀನು ಬದಲಿಸ್ಲಿಕ್ಕೆ ಅರ್ಜಿ ಸಹ ಕೊಡಿ, ಒಪ್ಪುದು ಬಿಡುದು ಬ್ಯಾಂಕಿಗೆ ಬಿಟ್ಟದ್ದು. ಬಾಕಿ ಇದ್ರೆ ನವಕೇರಳೀಯಂ ಕುಡಿಶ್ಶಿಕ ನಿವಾರಣಂ ಅಂತ ಸಹಕಾರಿ ಇಲಾಖೆ ಮಾಡುವ ಅದಾಲತ್ ಉಂಟು, ಅದರಲ್ಲಿ ಬಡ್ಡಿ ರಿಯಾಯಿತಿ ಸಿಗ್ತದೆ, ಈಗ ನಡೀತಿದೆಯಾ ಅಂತ ಅಲ್ಲೇ ಕೇಳಿ. ಕೊನೆಗೆ ನೀವೇ ಕಟ್ಬೇಕಾಗಿ ಬಂದ್ರೆ ಆ ದುಡ್ಡನ್ನು ಅವರಿಂದ ವಸೂಲು ಮಾಡುವ ಹಕ್ಕು ನಿಮಗೆ ಉಂಟು, ಬೈಕಿನ ಮೇಲೆ ಬ್ಯಾಂಕಿಗೆ ಇರುವ ಹಕ್ಕೂ ಆಗ ನಿಮಗೆ ಬರ್ತದೆ. ರಸೀದಿ ಜೋಪಾನ.

ಕಾಗದ ಎಲ್ಲ ಮಲಯಾಳದಲ್ಲಿ ಇರ್ತದೆ, ನಮ್ಮ ಕಡೆ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಮಾತಾಡ್ಲಿಕ್ಕೆ ಬಂದ್ರೂ ಓದ್ಲಿಕ್ಕೆ ಕಷ್ಟ. ಓದಿಸಿ ಅರ್ಥ ಮಾಡ್ಕೊಳ್ಳದೆ ಯಾವುದಕ್ಕೂ ಸೈನ್ ಬೇಡ, ಟೈಮ್ ಕೇಳಿ ಮನೆಗೆ ತನ್ನಿ.

ವಕೀಲರಿಗೆ ಕೊಡ್ಲಿಕ್ಕೆ ದುಡ್ಡಿಲ್ಲ ಅಂತ ಹಿಂದೆ ಸರೀಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವು ಉಂಟು, ತಾಲೂಕು ಲೀಗಲ್ ಸರ್ವೀಸಸ್ ಕಮಿಟಿಗೆ ಹೋಗಿ ಇಲ್ಲ 15100ಕ್ಕೆ ಫೋನ್ ಮಾಡಿ.

ಕುಂಬಳೆ_ಲೋಕಲ್ ಬರೆದದ್ದು:

ನಾನು ದಿನಾ ಕುಂಬಳೆಯಿಂದ ಮಂಗಳೂರಿಗೆ ಹೋಗುವವಳು, ಪ್ರಯಾಣದ್ದು ಮಾತ್ರ ಹೇಳ್ತೇನೆ. ನೀರ್ಚಾಲಿಂದ ಕುಂಬಳೆಗೆ ಬಸ್ಸು, ಅಲ್ಲಿಂದ ಟ್ರೇನು. ಸೀಸನ್ ಟಿಕೆಟ್ ತಿಂಗಳದ್ದು ತೆಗೊಂಡ್ರೆ ನಿಮ್ಮ ಪಿಜಿಯ ಒಂದು ವಾರದ ಬಾಡಿಗೆ ಸಹ ಆಗುದಿಲ್ಲ. ಕರ್ನಾಟಕದ ಹೆಂಗಸರ ಫ್ರೀ ಬಸ್ಸಿನ ಆಸೆ ಬೇಡ, ಅದು ಆ ರಾಜ್ಯದವರಿಗೆ, ರಾಜ್ಯದ ಒಳಗೆ ಮಾತ್ರ, ಗಡಿಯ ತಲಪಾಡಿ ಈಚೆ ನಮಗೆ ಇಲ್ಲ. ಮಳೆಗಾಲದಲ್ಲಿ ಟ್ರೇನ್ ಲೇಟಾಗ್ತದೆ, ಅದಕ್ಕೆ ಲ್ಯಾಬಲ್ಲಿ ಮಾತಾಡಿ ಬೆಳಿಗ್ಗಿನ ಡ್ಯೂಟಿ ಒಂದು ಅರ್ಧ ಗಂಟೆ ಆಚೆ ಮಾಡಿಸಿಕೊಳ್ಳಿ. ಸುಸ್ತಾಗ್ತದೆ ಹೌದು, ಆದ್ರೆ ಲೇಡೀಸ್ ಕಂಪಾರ್ಟ್‌ಮೆಂಟಲ್ಲಿ ನಮ್ಮದೊಂದು ಗುಂಪು ಉಂಟು, ಟೀಚರ್, ನರ್ಸ್, ಅಂಗಡಿ ಕೆಲಸದವರು ಎಲ್ಲ, ಯಾರಾದ್ರೂ ಒಬ್ರು ಸೀಟ್ ಹಿಡಿದಿಡ್ತಾರೆ.

ಮತ್ತೆ ಲ್ಯಾಬ್ ಟೆಕ್ನಿಷಿಯನ್ ಅಂತ ಹೇಳಿದ್ರಿ. ಕೇರಳ ಪಿಎಸ್‌ಸಿಯಲ್ಲಿ ಪ್ರೊಫೈಲ್ ಮಾಡಿದ್ದೀರಾ? ಅರ್ಜಿಗೆ ಫೀಸಿಲ್ಲ. ನಿಮ್ಮ ಕೋರ್ಸ್ ಕರ್ನಾಟಕದಲ್ಲಿ ಆದದ್ದಾದ್ರೆ ಇಲ್ಲಿ ಒಪ್ತಾರಾ, ರಿಜಿಸ್ಟ್ರೇಷನ್ ಬೇಕಾ ಅಂತ ಮೊದಲು ನೋಟಿಫಿಕೇಷನ್ ಓದಿ ನೋಡಿ. ಕನ್ನಡ ಮಲಯಾಳ ಎರಡೂ ಬರುವವರಿಗೆ ಅಂತ ನಮ್ಮ ಜಿಲ್ಲೆಗೆ ಬೇರೆ ಕ್ಲರ್ಕ್ ಪೋಸ್ಟ್ ಸಹ ಕರೀತಾರೆ. ಟ್ರೇನಲ್ಲಿ ಇಬ್ರು ಅದಕ್ಕೇ ಓದ್ತಾರೆ, ನೀವೂ ಸೇರಿ.

ನೀರ್ಚಾಲು_ಹುಡುಗಿ ಬರೆದದ್ದು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಒಂದೊಂದೇ ಓದಿ ಬರೆದಿಟ್ಕೊಂಡೆ. ಪೆರ್ಲದಕ್ಕ, ನೀವು ಹೇಳಿದ ಹಾಗೆ ಅಪ್ಪ ಅಮ್ಮನ ಎದುರು ಕೂತು ಪೂರ್ತಿ ಲೆಕ್ಕ ಹೇಳಿದೆ, ಜಾಮೀನಿನ ವಿಷಯ ಸಹ. ಅಪ್ಪ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಆ ಸಹಕಾರಿ ಬ್ಯಾಂಕಿಗೆ ನಾನೂ ಬರ್ತೇನೆ, ಮಲಯಾಳ ನಾನು ಓದ್ತೇನೆ ಅಂದ್ರು. ಪಿಜಿಗೆ ನೋಟೀಸ್ ಕೊಟ್ಟೆ, ಈ ತಿಂಗಳ ಕೊನೆಗೆ ಬಿಡ್ತೇನೆ. ರಿಪೋರ್ಟ್ ಅಕ್ಷಯ ಸೇವಾ ಕೇಂದ್ರದಲ್ಲಿ ತೆಗೆಸಿದೆ, ಬೇರೆ ಸಾಲ ಏನೂ ಇಲ್ಲ, ಬೈಕಿನದ್ದು ಅದರಲ್ಲಿ ಕಾಣ್ಲಿಲ್ಲ. ಅವರಿಗೆ ಮೆಸೇಜ್ ಹಾಕಿದ್ದೇನೆ, ವಕೀಲರು ಹೇಳಿದ ಹಾಗೇ ಲೆಕ್ಕ ಮಾತ್ರ. ಅಂಗಡಿ ಸರಿ ಆದ ಮೇಲೆ ನೋಡುವ ಅಂತ ಉತ್ತರ ಬಂತು. ಓದಿ ಅಳು ಬಂತು, ಆದ್ರೆ ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ಚಿನ್ನ ಮಾರುದಾ ಅಡವು ಇಡುದಾ ಅಂತ ಅಮ್ಮನ ಹತ್ರವೇ ಕೇಳಿದೆ ತೋಟದಣ್ಣ, ಅದು ಅವಳ ತವರಿನದ್ದು, ಮಾರುದು ಬೇಡ ಅಂದ್ಲು. ಅಡವೇ. ಇನ್ನೆರಡು ಪ್ರಶ್ನೆ ಲೋನ್ ಕೌಂಟರಿನವರಿಗೆ. ಬರುವ ಶನಿವಾರ ನನಗೆ ರಜೆ, ಆವತ್ತು ಸರ ತಗೊಂಡು ನಾನೇ ಹೋದ್ರೆ ಆಗ್ತದಾ? ಬೈಕ್ ಲೋನ್ ರಿಪೋರ್ಟಲ್ಲಿ ಇಲ್ಲ ಅಂದ್ರೆ ಮುಗಿದಿದೆ ಅಂತ ಅರ್ಥವಾ?

ಲೋನ್_ಕೌಂಟರ್ ಬರೆದದ್ದು:

ಬರುವ ಶನಿವಾರ ಎರಡನೇ ಶನಿವಾರ, ಬ್ಯಾಂಕಿಲ್ಲ. ಶುಕ್ರವಾರ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಹೋಗಿ, ಮಧ್ಯಾಹ್ನದ ಮೇಲೆ ಚಿನ್ನ ನೋಡುವ ಅಪ್ರೈಸರ್ ಎಲ್ಲ ಬ್ರಾಂಚಲ್ಲೂ ಸಿಗುದಿಲ್ಲ. ಅಮ್ಮ ಜೊತೆಗೆ ಬರ್ಲೇಬೇಕು. ಚಿನ್ನ ನನ್ನದು ಅಂತ ಬರೆದು ಕೊಡ್ಬೇಕಾಗ್ತದೆ, ಅದು ಅಮ್ಮನದ್ದಾದ ಕಾರಣ ಲೋನ್ ಅಮ್ಮನ ಹೆಸರಲ್ಲೇ ಆಗ್ಲಿ, ಕಂತು ನಿಮ್ಮ ಅಕೌಂಟಿಂದ ಪ್ರತಿ ತಿಂಗಳು ಸಂಬಳ ಬಂದ ಮರುದಿನ ಹೋಗುವ ಹಾಗೆ ಮಾಡಿ. ಅಮ್ಮನ ಆಧಾರ್, ಪಾನ್, ಪಾಸ್‌ಬುಕ್ ಬೇಕು. ಸರದಲ್ಲಿ ಕರಿಮಣಿ ಕಲ್ಲು ಏನಾದ್ರೂ ಇದ್ರೆ ಆ ತೂಕ ಕಳೀತಾರೆ, ಅದಕ್ಕೆ ಬೇಜಾರ ಮಾಡ್ಬೇಡಿ. ತೂಕ, ಕ್ಯಾರೆಟ್, ಕಳೆದದ್ದು ಎಷ್ಟು ಅಂತ ಬರೆದ ಸರ್ಟಿಫಿಕೇಟ್ ಕೇಳಿ ತಗೊಳ್ಳಿ, ಫೋಟೋ ತೆಗೆದಿಡಿ.

ಎರಡನೇದು, ಇಲ್ಲ, ಹಾಗೆ ಅರ್ಥ ಅಲ್ಲ. ಸರ್ವೀಸ್ ಸಹಕಾರಿ ಬ್ಯಾಂಕಿನ ಸಾಲ ಎಷ್ಟೋ ಸರ್ತಿ ಸಿಬಿಲಲ್ಲಿ ಕಾಣುದೇ ಇಲ್ಲ. ಅಪ್ಪನ ಜೊತೆ ಅಲ್ಲಿಗೆ ಹೋಗುದನ್ನು ಮುಂದೆ ಹಾಕ್ಬೇಡಿ, ಶುಕ್ರವಾರ ಚಿನ್ನದ ಕೆಲಸ ಮುಗಿಸಿ ಅದೇ ಬಸ್ಸಲ್ಲಿ ಹೋಗಿ ಬನ್ನಿ. ಬಾಕಿ ಎಷ್ಟು ಅಂತ ಗೊತ್ತಾದ ಕೂಡ್ಲೇ ಇಲ್ಲಿ ಹಾಕಿ, 8,300ರಲ್ಲಿ ಅದನ್ನು ಹೇಗೆ ಕೂರಿಸುದು ಅಂತ ನೋಡುವ.